ಹದಿಮೂರು ಮೊಳೆ ಕಡಿಮೆ

ಪೋರ್ಟ್ ಆಲ್ಡನ್, ಒಹಾಯೊ. ಹನ್ನೊಂದನೆಯ ಇಸವಿಯ ಅಕ್ಟೋಬರ್ ಕೊನೆ.
ಸರೋವರದ ಗಾಳಿ ಕಿಟಕಿಯ ಸಂದಿಯಲ್ಲಿ ನುಸುಳಿ
ಒದ್ದೆ ಶಾಯಿಯ ಮೇಲೆ ಕೂರುವ ದಿನಗಳು.
ಮತಪತ್ರ ಜೋಡಿಸುವ ಕೆಲಸ ನನ್ನ ಪಾಲಿಗೆ ಬಂತು.
ಬೆರಳು ಸಣ್ಣದು, ಕೂಲಿ ಇನ್ನೂ ಸಣ್ಣದು,
ಹೆಣ್ಣಾದ್ದರಿಂದ ಮತವಂತೂ ಇಲ್ಲವೇ ಇಲ್ಲ;
ಪಕ್ಷಪಾತದ ಭಯವಿಲ್ಲ ಎಂದ ಯಜಮಾನ ಕ್ರಾಂಪ್ಟನ್.

ಅಚ್ಚುಮೊಳೆಯಲ್ಲಿ ಹೆಸರು ತಲೆಕೆಳಗು, ಹಿಂದುಮುಂದು.
ಊರಿನ ಹಣೆಬರಹವನ್ನು
ಕನ್ನಡಿಯ ಒಳಗೆ ನಿಂತು ಓದುವ ಉದ್ಯೋಗ.

ಮೇಯರ್ ಸ್ಥಾನಕ್ಕೆ ಎಲ್ಬ್ರಿಜ್ ಟಾಲ್ಮನ್.
ಮಂಜುಗಡ್ಡೆ ಅವನದು, ಟ್ರಾಮು ಅವನದು,
ಕ್ರಾಂಪ್ಟನ್ ಮೇಲಿನ ಸಾಲದ ಪತ್ರವೂ ಅವನದೇ.
ಅವನ ಹೆಸರು ಸಲೀಸು. ಎ, ಎಲ್, ಎನ್,
ಕೈಚಾಚಿದಲ್ಲೇ ಸಿಗುವ ಅಕ್ಷರಗಳು,
ಪೆಟ್ಟಿಗೆಯ ನಡುಮನೆಯಲ್ಲೇ ಅವುಗಳ ವಾಸ.

ಕೆಳಗೆ ಶ್ಚೆಪಾನ್ ಬ್ಝೆಝಿನಾ,
ಎರಕದ ಕಾರ್ಖಾನೆಯಲ್ಲಿ ಮರಳಿನ ಅಚ್ಚು ತಟ್ಟುವವ.
ಅವನೊಬ್ಬನ ಹೆಸರಿಗೆ ನಾಲ್ಕು ಝೀ.
ಚೌಕಟ್ಟಿಗೆ ಆರು ಪತ್ರ, ಬೇಕಾದದ್ದು ಇಪ್ಪತ್ತನಾಲ್ಕು.
ಮೂಲೆಯ ಗೂಡಿನ ಧೂಳು ಊದಿ ಎಣಿಸಿದೆ:
ಹನ್ನೊಂದು.

"ಎಸ್ ಹಾಕು," ಎಂದ ಕ್ರಾಂಪ್ಟನ್, ತಲೆಯೆತ್ತದೆ.
"ಓದು ಬಾರದ ಜನಕ್ಕೆ ಯಾವ ಅಕ್ಷರವಾದರೇನು?"
ಎಸ್ ಹಾಕಿ ನೋಡಿದೆ.
ಆ ಸಾಲಿನಲ್ಲಿ ಬೇರೆ ಯಾರೋ ನಿಂತಿದ್ದ.
ಅವನಿಗೆ ತಾಯಿ ಇರಲಿಲ್ಲ.

ರಾತ್ರಿ ಹಳಿ ದಾಟಿ ಐದನೆಯ ವಾರ್ಡಿಗೆ ಹೋದೆ.
ಮಾಂಸದಂಗಡಿಯ ಹಿಂದೆ ವಿಧವೆ ಯಾದ್ವಿಗಾಳ ಛಾಪಖಾನೆ,
ವಾರಕ್ಕೊಂದು ಪೋಲಿಷ್ ಪತ್ರಿಕೆ.
ಅವಳ ಮಾತು ನನಗೆ ಬಾರದು, ನನ್ನದು ಅವಳಿಗೆ ಅರೆಬರೆ.
ಗಾಳಿಯಲ್ಲಿ ಬೆರಳಾಡಿಸಿ ಬರೆದೆ:
ಅಡ್ಡಗೆರೆ, ಓರೆಗೆರೆ, ಮತ್ತೆ ಅಡ್ಡ.
ನಕ್ಕಳು. ಪೆಟ್ಟಿಗೆ ಎಳೆದಳು.

ಅಲ್ಲಿ ಝೀ ಇದ್ದದ್ದು ನಡುಮನೆಯಲ್ಲಿ!
ಕಣಜದ ಕಾಳಿನ ಹಾಗೆ ರಾಶಿ ರಾಶಿ.
ನಮ್ಮಲ್ಲಿ ಮೂಲೆಗುಂಪಾದದ್ದು
ಹಳಿಯಾಚೆ ಮಕ್ಕಳು ಮರಿ ಮಾಡಿಕೊಂಡು ಸುಖವಾಗಿತ್ತು.
ಎಣಿಸದೆ ನನ್ನ ಬೊಗಸೆಗೆ ಸುರಿದಳು.
"ಬುಧವಾರ ವಾಪಸು. ಗುರುವಾರ ನನ್ನ ಪತ್ರಿಕೆ."
ಮನೆಯವರೆಗೂ ಏಪ್ರನ್ನಿನ ಜೇಬಲ್ಲಿ ಸೀಸದ ಪಿಸುಮಾತು.

ಆ ಮೊಳೆ ನಮ್ಮದಕ್ಕಿಂತ ಒಂದು ಕೂದಲೆಳೆ ಎತ್ತರ.
ಅಚ್ಚಾದಾಗ ಅವನ ಹೆಸರಲ್ಲಿ ಅಲ್ಲಲ್ಲಿ ಕಪ್ಪು ಹೆಚ್ಚು,
ಗುಂಪಿನಲ್ಲಿ ಯಾರೋ ತುದಿಗಾಲಲ್ಲಿ ನಿಂತ ಹಾಗೆ.

ಅಗ್ನಿಶಾಮಕ ಠಾಣೆಯಲ್ಲಿ ಎಣಿಕೆ. ಕುದುರೆಗಳು ಕೆನೆದವು,
ಯಾರೋ ಕಾಫಿ ಚೆಲ್ಲಿ ಮೂರನೆಯ ವಾರ್ಡು ಒದ್ದೆಯಾಯಿತು.
ಟಾಲ್ಮನ್ ಅರವತ್ತೊಂದು ಮತಗಳಿಂದ ಗೆದ್ದ.
ಗೆದ್ದವನೇ ದೂರು ಕೊಟ್ಟ!
ಅವನ ವಕೀಲ ಭೂತಗನ್ನಡಿ ಹಿಡಿದು ಬಂದು
"ಈ ನಾಲ್ಕು ಅಕ್ಷರ ಇಷ್ಟು ಕಪ್ಪೇಕೆ?" ಎಂದು ಕೇಳಿದ.
ಶಾಯಿಯನ್ನು ಕೇಳಿ, ಎಂದೆ.
ಐದನೆಯ ವಾರ್ಡು ಮೊದಲ ಸಲ ತನ್ನವನೊಬ್ಬನನ್ನು
ಕೌನ್ಸಿಲ್ಲಿಗೆ ಕಳಿಸಿತ್ತು, ಯಾನ್ ಸೋವಾ ಎಂಬವನನ್ನು.
ಅವನ ಹೆಸರಲ್ಲಿ ಒಂದೂ ಝೀ ಇಲ್ಲ.

ಸೋತವನು ಮರುವಾರ ಬಂದ, ತೋಳಿನ ಬಟ್ಟೆ ಸುಟ್ಟಿತ್ತು.
ಉಳಿದ ಮತಪತ್ರ ಒಂದು ಬೇಕಂತೆ, ಊರಿಗೆ ಕಳಿಸಲು.
ತನ್ನ ಹೆಸರಿನ ಮೇಲೆ ಹೆಬ್ಬೆರಳು ಎಳೆದು
"ತಪ್ಪಿಲ್ಲ," ಎಂದ,
ತಪ್ಪು ಹುಡುಕಲೆಂದೇ ಬಂದಿದ್ದವನ ದನಿಯಲ್ಲಿ.
ಯಾದ್ವಿಗಾಳ ವಿಷಯ ನಾನು ಹೇಳಲಿಲ್ಲ.
ಏಕೆ ಹೇಳಲಿಲ್ಲವೋ ಇವತ್ತಿಗೂ ಗೊತ್ತಿಲ್ಲ.

ಒಂಬತ್ತು ವರ್ಷ ಕಳೆದು ನನ್ನ ಕೈಗೂ ಒಂದು ಮತಪತ್ರ ಕೊಟ್ಟರು.
ಸಾಲಿನಲ್ಲಿ ನನ್ನ ಹಿಂದೆ ನೂರು ಹೆಂಗಸರು, ಛತ್ರಿಗಳು.
ಅಭ್ಯಾಸಬಲ, ಕಾಗದ ತಿರುಗಿಸಿ ಹಿಡಿದೆ.
ಮೇಜಿನ ಹುಡುಗ ಬಾಗಿ, ಬಲು ಮರ್ಯಾದೆಯಿಂದ,
ಕಿವಿಯಲ್ಲಿ ಹೇಳಿದ:
"ತಲೆಕೆಳಗಾಗಿದೆ, ಅಮ್ಮ. ಓದಿ ಹೇಳಲೇ?"